ಪ್ರಶ್ನೆ ಕೇಳುವವನ ಜೇಬು

ಪ್ಯಾಲೆಸ್ಟೈನಿನ ಲೇಖಕ ಘಸ್ಸಾನ್ ಕನಫಾನಿಯ ‘ಬಿಸಿಲಲ್ಲಿ ಗಂಡಸರು’ 1963ರಲ್ಲಿ ಬಂದ ಪುಟ್ಟ ಕಾದಂಬರಿ. ಒಂದೇ ಕೂತಿಗೆ ಓದಿ ಮುಗಿಸಬಹುದು. ಕುವೈತಿಗೆ ಕಳ್ಳದಾರಿಯಲ್ಲಿ ಹೋಗಲು ಮೂವರು ನಿರಾಶ್ರಿತರು ನೀರಿನ ಲಾರಿಯ ಖಾಲಿ ಟ್ಯಾಂಕಿನೊಳಗೆ ಇಳಿಯುತ್ತಾರೆ. ಆಗಸ್ಟ್ ತಿಂಗಳ ಮರಳುಗಾಡಿನ ಬಿಸಿಲು. ಗಡಿಠಾಣೆಯಲ್ಲಿ ತಡವಾಗುತ್ತದೆ, ಮೂವರೂ ಉಸಿರುಗಟ್ಟಿ ಸಾಯುತ್ತಾರೆ. ಕೊನೆಗೆ ಡ್ರೈವರ್ ಆ ಹೆಣಗಳನ್ನೇ ಪ್ರಶ್ನೆ ಮಾಡ್ತಾನೆ, ಒಳಗಿಂದ ತಗಡು ಬಡಿದು ಯಾಕೆ ಸದ್ದು ಮಾಡಲಿಲ್ಲ ಅಂತ.

ಭಾಷಣಕ್ಕೆ ಇದು ಹೇಳಿ ಮಾಡಿಸಿದ ಪ್ರಶ್ನೆ. ಸುಮ್ಮನೆ ಸಾಯಬೇಡಿ, ಬಡಿಯಿರಿ, ಕೂಗಿರಿ ಅನ್ನಬಹುದು. ನಾನೂ ಅಂದವನೇ. ಹಾಸ್ಟೆಲಿನಲ್ಲಿದ್ದಾಗ ಅಪ್ಪನ ಮೇಲೆ ಒಂದು ಪದ್ಯ ಬರೆದಿದ್ದೆ. ಧಣಿಗಳ ಜಗಲಿಯ ಕೆಳಗೆ ಅಷ್ಟು ವರ್ಷ ಕೈ ಕಟ್ಟಿ ನಿಂತೆಯಲ್ಲ, ಒಂದು ಸಲವಾದರೂ ಬಾಯಿ ಬಿಡಬಾರದಿತ್ತೇ ಅಂತ ಅದರಲ್ಲಿ ಕೇಳಿದ್ದೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಅಪ್ಪನಿಗೆ ಓದು ಬರೋದಿಲ್ಲ, ಪದ್ಯ ಅವನನ್ನು ಮುಟ್ಟಲಿಲ್ಲ. ಕನಫಾನಿಯನ್ನು ಎರಡನೇ ಸಲ ಓದುವಾಗ ಆ ಚಪ್ಪಾಳೆ ನೆನಪಾಗಿ ನಾಚಿಕೆಯಾಯಿತು. ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ಮೊದಲು ಬರೆದವನ ಬದುಕು ಗೊತ್ತಿರಲಿ. ಕನಫಾನಿ 1936ರಲ್ಲಿ ಅಕ್ಕಾ ಎಂಬ ಊರಲ್ಲಿ ಹುಟ್ಟಿದ. 1948ರಲ್ಲಿ ಇಸ್ರೇಲ್ ರಾಜ್ಯ ಹುಟ್ಟಿದ ಹೊತ್ತಿಗೆ ಏಳು ಲಕ್ಷ ಪ್ಯಾಲೆಸ್ಟೈನಿಗಳು ಮನೆ ಹೊಲ ಕಳಕೊಂಡು ಚೆದುರಿದರು. ಅರಬರು ಅದನ್ನು ನಕ್ಬಾ, ಅಂದರೆ ಮಹಾದುರಂತ ಅಂತಾರೆ. ಆ ಗುಂಪಿನಲ್ಲಿ ಹನ್ನೆರಡು ವರ್ಷದ ಈ ಹುಡುಗನೂ ಇದ್ದ. ಮುಂದೆ ದಮಾಸ್ಕಸ್ಸಿನಲ್ಲಿ ನಿರಾಶ್ರಿತರ ಮಕ್ಕಳಿಗೆ ಮೇಷ್ಟ್ರಾದ, ಆಮೇಲೆ ಕುವೈತಿನಲ್ಲೂ ಮೇಷ್ಟ್ರಾಗಿದ್ದ, ಕೊನೆಗೆ ಬೈರೂತಿನಲ್ಲಿ ಪತ್ರಕರ್ತನಾದ. ಇಸ್ರೇಲಿನ ಆಡಳಿತದೊಳಗೇ ಉಳಿದ ಪ್ಯಾಲೆಸ್ಟೈನಿ ಕವಿಗಳ ಮೇಲೆ 1966ರಲ್ಲಿ ಪುಸ್ತಕ ಬರೆದು, ಅದಕ್ಕೆ ‘ಪ್ರತಿರೋಧ ಸಾಹಿತ್ಯ’ ಅನ್ನುವ ಹೆಸರು ಕೊಟ್ಟ. ನಮ್ಮಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು 1979ರಲ್ಲಿ. 1972ರ ಜುಲೈ 8ರಂದು ಬೈರೂತಿನಲ್ಲಿ ಅವನ ಕಾರಿಗಿಟ್ಟ ಬಾಂಬು ಸಿಡಿಯಿತು. ಜೊತೆಗಿದ್ದ ಅಕ್ಕನ ಮಗಳೂ ಸತ್ತಳು. ಅವನಿಗೆ ಆಗ ಮೂವತ್ತಾರು.

ಇಂಥವನ ಪುಸ್ತಕ ನಮ್ಮ ನವ್ಯ ವಿಮರ್ಶಕರ ಕೈಗೆ ಸಿಕ್ಕರೆ ಏನಾಗುತ್ತೆ ಊಹಿಸಿ. ಬಿಸಿಲು ಬದುಕಿನ ಅಸಂಗತತೆಯ ಸಂಕೇತ, ಟ್ಯಾಂಕು ಮನುಷ್ಯನ ಒಂಟಿತನದ ಸಂಕೇತ ಅಂದುಬಿಡ್ತಾರೆ. ಆದರೆ ಈ ಕಾದಂಬರಿಯಲ್ಲಿ ಎಲ್ಲಕ್ಕೂ ಒಂದು ರೇಟು ಇದೆ. ಬಸ್ರಾದಿಂದ ಕುವೈತಿಗೆ ಸಾಗಿಸಲು ಅಲ್ಲಿನ ದಲ್ಲಾಳಿ ಹದಿನೈದು ದಿನಾರ್ ಕೇಳ್ತಾನೆ. ಲಾರಿ ಡ್ರೈವರ್ ಅಬುಲ್ ಖೈಜುರಾನ್ ಹತ್ತಕ್ಕೆ ಒಪ್ಪುತ್ತಾನೆ. ಲಾರಿಯ ಮಾಲೀಕ ಕುವೈತಿನ ದೊಡ್ಡ ಕುಳ. ಅವನ ಗಾಡಿ ಅಂದರೆ ಗಡಿಯಲ್ಲಿ ಯಾರೂ ತಪಾಸಣೆ ಮಾಡೋದಿಲ್ಲ. ಆ ದೊಡ್ಡ ಹೆಸರಿನ ನೆರಳಲ್ಲೇ ಡ್ರೈವರನ ಪುಡಿ ವ್ಯಾಪಾರ ನಡೀತದೆ. ಕುವೈತಿನಿಂದ ಎಣ್ಣೆ ಹಡಗು ಹತ್ತಲು ಶುರುವಾದದ್ದು 1946ರಲ್ಲಿ. ಎರಡು ವರ್ಷದಲ್ಲಿ ನೆಲ ಕಳಕೊಂಡ ಜನ ಬೀದಿಗೆ ಬಿದ್ದರು. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಖಾಲಿ ಕೈ, ಮಧ್ಯೆ ದಲ್ಲಾಳಿ. ಇದರಲ್ಲಿ ಅಸಂಗತ ಏನೂ ಇಲ್ಲ, ಲೆಕ್ಕ ಸರಿಯಾಗೇ ಇದೆ.

ಮೂವರೂ ಸಾಲ ಮತ್ತು ಸಂಸಾರ ಹೊತ್ತು ಬಂದವರು. ಅಸದ್‌ಗೆ ದುಡ್ಡು ಕೊಟ್ಟ ಚಿಕ್ಕಪ್ಪನಿಗೆ ಬೇಕಿರುವುದು ಅಳಿಯ. ಮರ್ವಾನ್ ಇನ್ನೂ ಹದಿನಾರರ ಹುಡುಗ. ಕುವೈತಿನಲ್ಲಿದ್ದ ಅಣ್ಣ ಮದುವೆಯಾದ ಮೇಲೆ ದುಡ್ಡು ಕಳಿಸೋದು ನಿಲ್ಲಿಸಿದ. ಅಪ್ಪ ಅಮ್ಮನನ್ನು ಬಿಟ್ಟು, ಬಾಂಬಿಗೆ ಕಾಲು ಕಳಕೊಂಡಿದ್ದ ಶಫೀಕಾಳನ್ನು ಮದುವೆಯಾದ, ಅವಳಿಗೆ ಕಾಂಕ್ರೀಟು ಮಾಳಿಗೆಯ ಮನೆ ಇತ್ತು ಅಂತ.

ಮೂರನೆಯವನು ಮುದುಕ ಅಬೂ ಕೈಸ್. ಹಳ್ಳಿಯ ಮೇಷ್ಟ್ರುಗಳು ಇವನ ಅಧ್ಯಾಯವನ್ನು ಓದಲೇಬೇಕು. ಊರು ಕೈಬಿಡುವ ಮುಂಚೆ ಒಂದು ದಿನ ಅವನು ಶಾಲೆಯ ಕಿಟಕಿಯ ಹೊರಗೆ ನಿಂತು ಒಳಗಿನ ಪಾಠ ಕೇಳಿಸಿಕೊಳ್ತಾನೆ. ಟೈಗ್ರಿಸ್, ಯೂಫ್ರೆಟಿಸ್ ಎರಡೂ ನದಿ ಕೂಡಿ ಷತ್-ಅಲ್-ಅರಬ್ ಆಗುತ್ತೆ ಅಂತ ಮೇಷ್ಟ್ರು ಸಲೀಮ್ ಹೇಳಿಕೊಡ್ತಾ ಇರ್ತಾರೆ. ಮನೆಗೆ ಬಂದ ಮಗನನ್ನು ಅಪ್ಪ ಅದೇ ಪ್ರಶ್ನೆ ಕೇಳಿ ಪರೀಕ್ಷೆ ಮಾಡ್ತಾನೆ. ಮಗ ಉತ್ತರ ಹೇಳಿ, ನೀನು ಕಿಟಕಿಯಲ್ಲಿ ಇಣುಕಿದ್ದನ್ನು ನೋಡಿದೆ ಅಂತ ಗುಟ್ಟು ರಟ್ಟು ಮಾಡ್ತಾನೆ. ಎಷ್ಟೋ ವರ್ಷದ ಮೇಲೆ ಅದೇ ನದಿಯ ದಂಡೆಯಲ್ಲಿ, ಊರಿಲ್ಲದೆ ಬೇರಿಲ್ಲದೆ ಬಿದ್ದುಕೊಂಡು ಮುದುಕ ಇದನ್ನೆಲ್ಲ ನೆನೆಸಿಕೊಳ್ತಾನೆ. ಕಿಟಕಿಯಾಚೆ ನಿಂತು ಕಲಿತ ಭೂಗೋಳವನ್ನು ಹೊಟ್ಟೆಪಾಡಿಗೆ ಕಾಲಲ್ಲಿ ನಡೆದು ನೋಡಬೇಕಾಗಿ ಬಂತು. ಆ ಪುಟ ದಾಟಲು ನನಗೆ ಬಹಳ ಹೊತ್ತು ಹಿಡಿಯಿತು.

ಈಗ ಕೊನೆಯ ಪ್ರಶ್ನೆಗೆ ಬರೋಣ. ಅದನ್ನು ಕೇಳುವವನು ಯಾರು? ಕುವೈತಿನ ಗಡಿಠಾಣೆ ಮುತ್ಲಾದಲ್ಲಿ ಒಳಗೆ ಅಧಿಕಾರಿಗಳು ಒಬ್ಬ ನರ್ತಕಿಯ ಹೆಸರೆತ್ತಿ ಡ್ರೈವರನನ್ನು ಗೇಲಿ ಮಾಡ್ತಾ ಕಾಗದಕ್ಕೆ ಸಹಿ ಹಾಕೋದನ್ನ ತಡ ಮಾಡ್ತಾರೆ. ಅವರ ಹರಟೆಗೆ ಹೊರಗೆ ಮೂರು ಜೀವ ಬೇಯುತ್ತವೆ. ಅದಾದ ಮೇಲೆ ಡ್ರೈವರ್ ಹೆಣಗಳನ್ನು ಊರ ಹೊರಗಿನ ಕಸದ ಗುಂಡಿಯ ಹತ್ತಿರ ಹಾಕ್ತಾನೆ. ಹೋದವನು ವಾಪಸು ಬಂದು ಅವರ ಜೇಬಿನ ದುಡ್ಡು ತೆಗೀತಾನೆ, ಮರ್ವಾನನ ಕೈಗಡಿಯಾರ ಬಿಚ್ಚಿಕೊಳ್ತಾನೆ. ಇದೆಲ್ಲ ಆದಮೇಲೆ ಅವನ ಬಾಯಲ್ಲಿ ಆ ಪ್ರಶ್ನೆ ಬರುತ್ತದೆ. ಗೆಳೆಯರೇ, ಈ ಅನುಕ್ರಮವನ್ನು ಮರೆತರೆ ಕಾದಂಬರಿಯನ್ನೇ ಮರೆತ ಹಾಗೆ. ಮುಚ್ಚಳ ಹಾಕಿದವನು, ಕೂಲಿ ಪಡೆದವನು, ಜೇಬು ತಡಕಿದವನು ಸತ್ತವರ ಮೇಲೇ ತಪ್ಪು ಹೊರಿಸುತ್ತಿದ್ದಾನೆ. ಅವನ ಸಂಕಟ ನಿಜವಿರಬಹುದು, ಆದರೆ ಅವನ ಜೇಬೂ ಭಾರವಾಗಿದೆ.

ಬಡಿದಿದ್ದರೆ ಯಾರಾದರೂ ಕೇಳುತ್ತಿದ್ದರೇ? ಈಜಿಪ್ಟಿನ ತೌಫೀಕ್ ಸಾಲೇಹ್ 1972ರಲ್ಲಿ ಸಿರಿಯಾದಲ್ಲಿ ಈ ಕಥೆಯನ್ನು ‘ಮೋಸಹೋದವರು’ ಅನ್ನೋ ಸಿನಿಮಾ ಮಾಡಿದ. ಅದರಲ್ಲಿ ಆ ಮೂವರು ಬಡೀತಾರೆ. ಠಾಣೆಯ ಏರ್ ಕಂಡೀಶನರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸೋದಿಲ್ಲ. ಬದುಕು ಅದಕ್ಕಿಂತ ಕ್ರೂರವಾಯಿತು. 2015ರ ಆಗಸ್ಟಿನಲ್ಲಿ ಆಸ್ಟ್ರಿಯಾದ ಹೆದ್ದಾರಿ ಬದಿಯಲ್ಲಿ ಬಿಟ್ಟುಹೋಗಿದ್ದ ಒಂದು ಲಾರಿಯಲ್ಲಿ 71 ಹೆಣ ಸಿಕ್ಕವು. ಇರಾಕ್, ಸಿರಿಯಾ, ಆಫ್ಘಾನಿಸ್ತಾನ, ಇರಾನಿನವರು, ನಾಲ್ಕು ಮಕ್ಕಳೂ ಇದ್ದರು. ಅವರು ಬಡಿದಿದ್ದರು, ಕಿರುಚಿದ್ದರು. ಮುಂದೆ ಕೂತವರಿಗೆ ಕೇಳಿಸಿತ್ತು. ಫೋನಿನಲ್ಲಿ ಮಾತಾಡಿಕೊಂಡರು, ಬಾಗಿಲು ತೆರೆಯಕೂಡದು ಅಂತ ಅಪ್ಪಣೆಯಾಯಿತು. ಹಂಗೇರಿಯ ನ್ಯಾಯಾಲಯದಲ್ಲಿ ಆ ಮಾತುಕತೆಯೇ ಸಾಕ್ಷಿಯಾಯಿತು. ಗಾಜಾದಲ್ಲಿ 2023ರ ಅಕ್ಟೋಬರಿನ ನಂತರ ಹತ್ತಾರು ಸಾವಿರ ಜನ ಸತ್ತದ್ದನ್ನು ಲೋಕ ಅಂಗೈಯ ಫೋನಿನಲ್ಲೇ ನೋಡಿತು. ಸದ್ದು ಕೇಳಿಸಲಿಲ್ಲ ಅಂತ ಹೇಳುವವರು ಈಗ ಯಾರೂ ಇಲ್ಲ. ತೆರೆಯುವ ಅಧಿಕಾರ ಇದ್ದವರು ತೆರೆಯಲಿಲ್ಲ ಅಷ್ಟೇ.

ಕನಫಾನಿಯನ್ನು ಪೂಜೆ ಮಾಡಬೇಕಿಲ್ಲ. 1948ರ ಯುದ್ಧದಲ್ಲಿ ಗಾಯಗೊಂಡು ಡ್ರೈವರ್ ತನ್ನ ಗಂಡಸುತನ ಕಳಕೊಂಡವನು. ಸೋತ ನಾಯಕತ್ವಕ್ಕೆ ಇದು ರೂಪಕ ಅಂತ ಎಲ್ಲರೂ ಹೊಗಳ್ತಾರೆ. ನನಗೆ ಇದು ಒಪ್ಪಿಗೆಯಾಗಲಿಲ್ಲ. ನೆಲ ಕಳಕೊಂಡದ್ದನ್ನು ಗಂಡಸುತನ ಕಳಕೊಂಡದ್ದು ಅಂದರೆ ಹೆಂಗಸರ ಪಾಲಿನ ನೆಲ ಯಾವುದು? ಕಾಲಿಲ್ಲದ ಶಫೀಕಾಳ ಕಡೆಯಿಂದ ಒಂದು ಅಧ್ಯಾಯವೂ ಇಲ್ಲ. ಗಂಡ ಬಿಟ್ಟ ಮರ್ವಾನನ ತಾಯಿಯೂ ಅವನು ಬರೆಯುವ ಕಾಗದದಾಚೆಗೇ ಉಳಿಯುತ್ತಾಳೆ. ಬಾಂಬು ಬಿದ್ದದ್ದು ಗಂಡಸರ ಮೇಲೆ ಮಾತ್ರ ಅಲ್ಲವಲ್ಲ.

ಆದರೂ ಒಂದು ದೊಡ್ಡ ಕೆಲಸ ಅವನು ಮಾಡಿದ್ದಾನೆ. ಅರಬರೆಲ್ಲ ಒಂದೇ ಅನ್ನುವ ಘೋಷಣೆ ಮೊಳಗುತ್ತಿದ್ದ ಕಾಲದಲ್ಲಿ, ಅರಬನೇ ಅರಬನನ್ನು ತೂಕಕ್ಕೆ ಹಾಕಿ ಮಾರೋದನ್ನ ಬರೆದ. 1990ಕ್ಕೆ ಮುಂಚೆ ಕುವೈತಿನಲ್ಲಿ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ಟೈನಿಗಳಿದ್ದರು. ಇರಾಕ್ ಮಾಡಿದ ಆಕ್ರಮಣ, ಅದನ್ನು ಹಿಮ್ಮೆಟ್ಟಿಸಿದ 1991ರ ಯುದ್ಧ, ಇವುಗಳ ಹೊತ್ತಿನಲ್ಲೂ ಆಮೇಲೂ ಬಹುಪಾಲು ಜನ ಅಲ್ಲಿಂದ ಹೊರಬಿದ್ದರು. ಮಂಗಳೂರು, ಭಟ್ಕಳದ ಕಡೆಯಿಂದ ಕೊಲ್ಲಿಗೆ ದುಡಿಯಲು ಹೋದವರ ಮನೆಯವರಿಗೂ ಈ ಕಥೆ ಅಷ್ಟು ದೂರದ್ದಲ್ಲ. ವೀಸಾ ಮಾಲೀಕನ ಕೈಯಲ್ಲಿರುವಾಗ ಸದ್ದು ಮಾಡುವುದು ಎಂಥ ಕಷ್ಟ ಅಂತ ಅವರಿಗೆ ಗೊತ್ತು.

ನನ್ನ ಪದ್ಯದ ವಿಷಯಕ್ಕೆ ಬಂದರೆ, ಅಪ್ಪ ಒಳಗೆ ಬೇಯುತ್ತಿದ್ದ, ನಾನು ಓದಿ ಡಿಗ್ರಿ ಹಿಡಿದು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಅಲ್ಲಿಂದ ಹಿಂದಕ್ಕೆ ತಿರುಗಿ ಯಾಕೆ ಬಡೀಲಿಲ್ಲ ಅಂತ ಕೇಳಿದೆ, ಚಪ್ಪಾಳೆ ಜೇಬಿಗೆ ಹಾಕಿಕೊಂಡೆ. ಅವನು ಬಡಿದಿದ್ದನೋ ಏನೋ, ನನಗೆ ಕೇಳಿಸಿರಲಿಲ್ಲ. ಬಾಯಿ ಬಿಟ್ಟ ದಿನ ಕೂಲಿ ತಪ್ಪಿ, ಸಾಲ ಕಟ್ಟಲಾಗದೆ, ನನ್ನ ಶಾಲೆ ನಿಂತಿದ್ದರೆ ಆ ಪದ್ಯ ಬರೆಯಲು ನಾನೇ ಇರುತ್ತಿರಲಿಲ್ಲ. ಬಂಡಾಯ ಬರೆಯುವ ನಾವು ಒಳಗಿನವರಿಗೆ ಬಡಿಯಿರಿ ಅಂತ ಬೋಧಿಸುವ ಮುಂಚೆ, ಹೊರಗಿರುವ ನಮ್ಮ ಕೈ ಮುಚ್ಚಳದ ಮೇಲಿದೆಯೋ ಜೇಬಿನಲ್ಲಿದೆಯೋ ನೋಡಿಕೊಳ್ಳಬೇಕು. ಊರಿಗೆ ಹೋದಾಗ ಪದ್ಯವನ್ನು ಅಪ್ಪನ ಮುಂದೆ ಓದಬೇಕು ಅಂತಿದೀನಿ. ಅವನು ಏನಂತಾನೋ ಅದನ್ನೂ ಇಲ್ಲೇ ಬರೀತೀನಿ.