ಓದುಗ ಟಿಪ್ಪಣಿಯ ಪ್ರಮಾಣ: ಶಿವಮೊಗ್ಗ–ಭದ್ರಾವತಿ ಪರಿಸರದ ಕಿರುವಿಮರ್ಶೆಯನ್ನು ಕುರಿತು

ಕನ್ನಡ ವಿಮರ್ಶೆಯ ಇತಿಹಾಸವನ್ನು ಕುರಿತ ಬರಹಗಳಲ್ಲಿ ಕಿರುವಿಮರ್ಶೆಗೆ ದೊರೆತಿರುವ ಸ್ಥಾನ ತೀರ ಅಲ್ಪವಾದದ್ದು. ಕಾವ್ಯಮೀಮಾಂಸೆ, ನವ್ಯರ ಪ್ರಾಯೋಗಿಕ ವಿಮರ್ಶೆ, ಮಾರ್ಕ್ಸ್‌ವಾದಿ ಹಾಗೂ ಸ್ತ್ರೀವಾದಿ ಚಿಂತನೆಗಳು, ಸಂಸ್ಕೃತಿ ಅಧ್ಯಯನ ಎಂದು ಅಧ್ಯಾಯಗಳು ಬೆಳೆಯುತ್ತ ಹೋಗುತ್ತವೆ. 'ಪುಸ್ತಕ ಪರಿಚಯ'ವೆಂಬುದು ಪತ್ರಿಕೋದ್ಯಮದ ಲೆಕ್ಕಕ್ಕೆ ಸೇರಿ ಹೊರಗುಳಿಯುತ್ತದೆ. ಆದರೆ ಕನ್ನಡದಲ್ಲಿ ಪ್ರತಿವರ್ಷ ಪ್ರಕಟವಾಗುವ ಕೃತಿಗಳಲ್ಲಿ ದೀರ್ಘ ವಿಮರ್ಶೆಯ ಭಾಗ್ಯ ದೊರೆಯುವುದು ಬೆರಳೆಣಿಕೆಯಷ್ಟಕ್ಕೆ ಮಾತ್ರ. ಉಳಿದ ಬಹುಪಾಲು ಪುಸ್ತಕಗಳ ಬಗ್ಗೆ ಯಾರಾದರೂ ಏನಾದರೂ ಬರೆದಿದ್ದರೆ ಅದು ಇನ್ನೂರು ಮುನ್ನೂರು ಪದಗಳ ಟಿಪ್ಪಣಿಯಷ್ಟೆ. ಕೆಲವಕ್ಕೆ ಅದೂ ಇಲ್ಲ; 'ಸಾದರ ಸ್ವೀಕಾರ'ದ ಪಟ್ಟಿಯಲ್ಲಿ ಹೆಸರು, ಪುಟಸಂಖ್ಯೆ, ಬೆಲೆ ಇಷ್ಟೇ ಅವುಗಳ ಸಾಹಿತ್ಯ ಚರಿತ್ರೆ.

ಇಂಥ ಟಿಪ್ಪಣಿಗಳಲ್ಲಿ ವೃತ್ತಿಯಿಂದ ವಿಮರ್ಶಕರಲ್ಲದವರು ಬರೆದವುಗಳನ್ನು ಈ ಲೇಖನದಲ್ಲಿ ಪ್ರತ್ಯೇಕವಾಗಿ 'ಓದುಗ ಟಿಪ್ಪಣಿ' ಎಂದು ಕರೆದಿದ್ದೇನೆ. ಶಾಲಾ ಉಪಾಧ್ಯಾಯರು, ಬ್ಯಾಂಕಿನ ನೌಕರರು, ಕಾರ್ಖಾನೆಯ ಕೆಲಸಗಾರರು, ಗೃಹಿಣಿಯರು, ವೈದ್ಯರು ಬರೆದ ಇವುಗಳ ವಿಶೇಷವೆಂದರೆ ವಿಷಯವೈವಿಧ್ಯ. ಈ ವಾರ ಕಾದಂಬರಿ, ಮುಂದಿನ ವಾರ ಅಡಿಕೆಯ ರೋಗಗಳನ್ನು ಕುರಿತ ಕೈಪಿಡಿ, ಆಮೇಲೆ ಒಂದು ಪ್ರವಾಸಕಥನ. ಪ್ರಕಾರಗಳ ಬೇಲಿ ಹಾಕಿಕೊಂಡ ವಿದ್ವತ್ತಿಗೆ ಸಾಧ್ಯವಾಗದ ಸಂಚಾರ ಇದು.

ಇದನ್ನು ಪರಿಶೀಲಿಸಲು ಶಿವಮೊಗ್ಗ ನಗರ ಮತ್ತು ಭದ್ರಾವತಿಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇವೆರಡರ ನಡುವಿನ ದೂರ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ. ಸ್ವಭಾವದ ಅಂತರ ಮಾತ್ರ ದೊಡ್ಡದು. ಶಿವಮೊಗ್ಗ ಕಾಲೇಜುಗಳ, ಸಾಹಿತ್ಯ ಸಂಘಟನೆಗಳ ಊರು. ಸಹ್ಯಾದ್ರಿ ಕಾಲೇಜಿನಲ್ಲಿ ಪಿ. ಲಂಕೇಶ್ ಇಂಗ್ಲಿಷನ್ನೂ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನವನ್ನೂ ಬೋಧಿಸಿದರು. ಅದೇ ನಿಸಾರರು 2006ರಲ್ಲಿ ಈ ಊರಿನಲ್ಲಿ ನಡೆದ 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1930ರಲ್ಲಿ ಸ್ಥಾಪಿತವಾದ ಕರ್ನಾಟಕ ಸಂಘ ಈ ಜಿಲ್ಲೆಯ ಹಿರಿಯರ ಹೆಸರಿನಲ್ಲಿ ಪುಸ್ತಕ ಬಹುಮಾನಗಳನ್ನು ನೀಡುತ್ತ ಬಂದಿದೆ. ಕುವೆಂಪು ಹೆಸರಿನಲ್ಲಿ ಕಾದಂಬರಿಗೆ, ಎಂ.ಕೆ. ಇಂದಿರಾ ಹೆಸರಿನಲ್ಲಿ ಲೇಖಕಿಯರ ಕೃತಿಗೆ, ಹಾ.ಮಾ. ನಾಯಕರ ಹೆಸರಿನಲ್ಲಿ ಅಂಕಣ ಬರಹಕ್ಕೆ, ಹಸೂಡಿ ವೆಂಕಟಶಾಸ್ತ್ರಿಗಳ ಹೆಸರಿನಲ್ಲಿ ವಿಜ್ಞಾನಕ್ಕೆ, ಡಾ. ಎಚ್.ಡಿ. ಚಂದ್ರಪ್ಪಗೌಡರ ಹೆಸರಿನಲ್ಲಿ ವೈದ್ಯಸಾಹಿತ್ಯಕ್ಕೆ ಸಲ್ಲುವ ಈ ಬಹುಮಾನಗಳ ಪಟ್ಟಿಯನ್ನು ನೋಡಿದರೆ, ಕಥೆ–ಕಾದಂಬರಿಗಳಷ್ಟೇ ಗೌರವದಿಂದ ಸೃಜನೇತರ ಬರಹವನ್ನೂ ಓದುವ ರೂಢಿ ಇಲ್ಲಿ ಬೇರೂರಿದೆಯೆಂಬುದು ಸ್ಪಷ್ಟವಾಗುತ್ತದೆ.

ಭದ್ರಾವತಿಯದು ಬೇರೆಯೇ ಕಥೆ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ತಮಿಳು, ತೆಲುಗು, ಮಲಯಾಳ, ಉರ್ದು ಮನೆಮಾತಿನ ಕುಟುಂಬಗಳು ಬಂದು ನೆಲೆಸಿದ ಊರು ಅದು. ಅಲ್ಲಿ ಕನ್ನಡದ ಓದು ಎಷ್ಟೋ ಮನೆಗಳಿಗೆ ಶಾಲೆಯ ಮೂಲಕ, ಪತ್ರಿಕೆಯ ಮೂಲಕ, ಬಾನುಲಿಯ ಮೂಲಕ ಬಂದದ್ದು. 1936ರಲ್ಲಿ ಸ್ಥಾಪನೆಗೊಂಡ ಮೈಸೂರು ಕಾಗದ ಕಾರ್ಖಾನೆ 1980ರ ದಶಕದ ಆರಂಭದಿಂದ ಪತ್ರಿಕಾ ಕಾಗದವನ್ನೂ ತಯಾರಿಸತೊಡಗಿತು. ಪುಸ್ತಕ ವಿಮರ್ಶೆಯ ಅಂಕಣಗಳ ಉದ್ದವನ್ನು ನಿರ್ಧರಿಸಿದ್ದು ಸಂಪಾದಕರ ಸಾಹಿತ್ಯದೃಷ್ಟಿಯೊಂದೇ ಅಲ್ಲ, ಕಾಗದದ ಬೆಲೆ ಹಾಗೂ ಜಾಹೀರಾತಿನ ಒತ್ತಡಗಳೂ ಹೌದು. ಆದ್ದರಿಂದ ಕಿರುವಿಮರ್ಶೆಯ ಚರ್ಚೆಯಲ್ಲಿ ಕಾಗದದ ಊರು ಬರುವುದು ಆಕಸ್ಮಿಕವಲ್ಲ.

ಟಿಪ್ಪಣಿಯ ದೋಷಗಳಿಂದಲೇ ಆರಂಭಿಸುವುದು ಒಳಿತು. ಸಾಮಾನ್ಯ ಆರೋಪ ಅದು ಚಿಕ್ಕದು, ಆದ್ದರಿಂದ ಆಳವಿಲ್ಲದ್ದು ಎಂಬುದು. ಈ ಮಾತು ಒಪ್ಪತಕ್ಕದ್ದಲ್ಲ. ವಚನ, ತ್ರಿಪದಿಗಳ ಪರಂಪರೆಯುಳ್ಳ ಭಾಷೆಯಲ್ಲಿ ಅಳತೆಯನ್ನೇ ಆಳವೆಂದು ತಿಳಿಯಲು ಕಾರಣವಿಲ್ಲ. ಓದುಗ ಟಿಪ್ಪಣಿಯನ್ನು ನಿಜವಾಗಿ ಕೆಡಿಸಿರುವುದು ಮುಖದಾಕ್ಷಿಣ್ಯ. ಶಿವಮೊಗ್ಗದಂಥ ಊರಿನಲ್ಲಿ ಲೇಖಕ, ಪ್ರಕಾಶಕ, ಟಿಪ್ಪಣಿಕಾರ ಮೂವರೂ ಒಂದೇ ಸಭಾಂಗಣದಲ್ಲಿ ಕುಳಿತುಕೊಳ್ಳಬೇಕಾದವರು. ಇವತ್ತು ಒಬ್ಬರ ಪುಸ್ತಕವನ್ನು ನಿಷ್ಠುರವಾಗಿ ಅಳೆದವನು ನಾಳೆ ಅವರ ಮನೆಯ ಮದುವೆಗೆ ಹೋಗಬೇಕು. ಪರಿಣಾಮವಾಗಿ ಒಂದು ಸಿದ್ಧಭಾಷೆ ಹುಟ್ಟಿಕೊಂಡಿದೆ. 'ಸಂಗ್ರಹಯೋಗ್ಯ ಕೃತಿ', 'ಒಂದೇ ಗುಕ್ಕಿನಲ್ಲಿ ಓದಿಸಿಕೊಂಡು ಹೋಗುತ್ತದೆ', 'ಮುಖಪುಟ ಅರ್ಥಪೂರ್ಣವಾಗಿದೆ', 'ಲೇಖಕರಿಂದ ಇನ್ನಷ್ಟು ಕೃತಿಗಳು ಹೊರಬರಲಿ'. ದೋಷವನ್ನು ಹೇಳಲೇಬೇಕಾದಾಗ ಬರುವುದು ಅಚ್ಚಿನ ತಪ್ಪುಗಳ ಪ್ರಸ್ತಾಪ: 'ಮುದ್ರಣದೋಷಗಳನ್ನು ಹೊರತುಪಡಿಸಿದರೆ…'. ಅಂದರೆ ಲೇಖಕನ ತಪ್ಪನ್ನು ಅಚ್ಚುಕೂಟದ ಮೊಳೆ ಜೋಡಿಸುವವನ ತಲೆಗೆ ಕಟ್ಟುವುದು! ಕನ್ನಡದ ಮುದ್ರಣಾಲಯಗಳು ಹೀಗೆ ಎಷ್ಟು ಸಾಹಿತಿಗಳ ಪಾಪ ಹೊತ್ತಿವೆಯೋ ಲೆಕ್ಕವಿಲ್ಲ.

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಲಂಡನ್ನಿನ 'ಟೈಮ್ಸ್ ಲಿಟರರಿ ಸಪ್ಲಿಮೆಂಟ್' ಪತ್ರಿಕೆ 1902ರಿಂದ 1974ರವರೆಗೆ ವಿಮರ್ಶಕರ ಹೆಸರನ್ನು ಅಚ್ಚುಮಾಡುತ್ತಲೇ ಇರಲಿಲ್ಲ. ನಿರ್ಭಯತೆಗೆ ಅನಾಮಿಕತೆ ಸಹಾಯಕವೆಂಬುದು ಅದನ್ನು ಸಮರ್ಥಿಸುವವರ ವಾದ. ವರ್ಜೀನಿಯಾ ವುಲ್ಫ್ 1939ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯೊಂದರಲ್ಲಿ, ಪತ್ರಿಕಾ ವಿಮರ್ಶೆಯನ್ನೇ ಕೈಬಿಟ್ಟು, ಕೃತಿಯ ಸಾರಾಂಶದ ಜೊತೆಗೆ ಮೆಚ್ಚುಗೆ ಅಥವಾ ಅಸಮ್ಮತಿಯನ್ನು ಸೂಚಿಸುವ ಒಂದು ಚಿಹ್ನೆಯನ್ನಷ್ಟೇ ಹಾಕಿದರೆ ಸಾಕೆಂದೂ, ಲೇಖಕನಿಗೆ ನಿಜವಾದ ಸಲಹೆ ಬೇಕಿದ್ದರೆ ವೈದ್ಯರ ಬಳಿಗೆ ಹೋಗುವಂತೆ ವಿಮರ್ಶಕನ ಬಳಿಗೆ ಖಾಸಗಿಯಾಗಿ ಹೋಗಲೆಂದೂ ಸೂಚಿಸಿದ್ದರು. ಇವೆರಡು ಪರಿಹಾರಗಳೂ ನಮ್ಮ ಪರಿಸರಕ್ಕೆ ಒಗ್ಗುವುದಿಲ್ಲವೆಂದೇ ತೋರುತ್ತದೆ. ಹೆಸರಿಲ್ಲದೆ ಬರೆದರೂ ಇಲ್ಲಿ ಶೈಲಿಯಿಂದ ಮೂರೇ ದಿನದಲ್ಲಿ ಪತ್ತೆಹಚ್ಚುತ್ತಾರೆ. ಚಿಹ್ನೆಯಾದರೋ ಓದಿದವನ ಕಾರಣಗಳನ್ನು ನುಂಗಿಬಿಡುತ್ತದೆ. ನಮಗೆ ಬೇಕಾಗಿರುವುದು ಆ ಕಾರಣಗಳೇ.

ಹಾಗಾದರೆ ಒಳ್ಳೆಯ ಓದುಗ ಟಿಪ್ಪಣಿಯ ಲಕ್ಷಣವೇನು? ಓದಿದವನು ಯಾವ ನೆಲದಲ್ಲಿ ನಿಂತು ಓದಿದ, ಎಲ್ಲಿ ತಡೆದ, ಯಾವ ಪುಟದಲ್ಲಿ ನಂಬಿದ ಎಂಬುದು ಅದರಲ್ಲಿ ಇರಬೇಕು. ಕೃತಿಯ ಶ್ರೇಷ್ಠತೆಯನ್ನು ತೀರ್ಮಾನಿಸುವುದು ಅದರ ಕೆಲಸವಲ್ಲ. ಅದು ಸಾಕ್ಷಿನುಡಿ, ತೀರ್ಪು ಬೇರೆಡೆ ಆಗುತ್ತದೆ. ಸಾಕ್ಷಿಗೆ ಪಾಂಡಿತ್ಯ ಬೇಡ, ಕಂಡದ್ದನ್ನು ಕಂಡಂತೆ ಹೇಳುವ ನಿಷ್ಠೆ ಬೇಕು.

'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯನ್ನು ತೆಗೆದುಕೊಳ್ಳಬಹುದು. ಇದರ ಬಗ್ಗೆ ಬಂದಿರುವ ವಿದ್ವತ್ಪೂರ್ಣ ಬರಹಗಳು ಕಾದಂಬರಿಯ ಬಹುಕೇಂದ್ರಿತ ರಚನೆಯನ್ನು, ಅದರ ದರ್ಶನವನ್ನು ವಿವರಿಸಿವೆ. ಆದರೆ ಮೊದಲ ಸಲ ಓದುವ ಸಾಮಾನ್ಯ ಓದುಗನ ಅನುಭವ ಬೇರೆ: ಬಹಳಷ್ಟು ಪುಟಗಳವರೆಗೆ ಯಾರು ಯಾರ ನೆಂಟರು, ಯಾವ ಮನೆ ಯಾವ ಹಳ್ಳಿಯದು ಎಂಬುದೇ ಹಿಡಿತಕ್ಕೆ ಸಿಗದೆ ಅವನು ತಬ್ಬಿಬ್ಬಾಗುತ್ತಾನೆ. ಅದನ್ನು ಸಂಕೋಚವಿಲ್ಲದೆ ಬರೆದಿಟ್ಟ ಟಿಪ್ಪಣಿಯೊಂದಿದ್ದರೆ ಬಹುಕೇಂದ್ರಿತ ರಚನೆಯೆಂಬ ಪಾರಿಭಾಷಿಕ ಪದಕ್ಕೆ ಓದಿನಲ್ಲಿ ಏನು ಬೆಲೆ ತೆರಬೇಕಾಗುತ್ತದೆಂಬುದು ಅದರಿಂದ ತಿಳಿದೀತು. ತೀರ್ಥಹಳ್ಳಿ ಸೀಮೆಯ ಓದುಗ ಇದೇ ಕಾದಂಬರಿಯನ್ನು ಓದುವ ಬಗೆ ಮತ್ತೂ ಬೇರೆ. ನಾಯಿಗುತ್ತಿ ಹುಲಿಯನೊಂದಿಗೆ ನಡೆದುಹೋಗುವ ದಾರಿ ಅವನಿಗೆ ಸಂಕೇತವಾಗುವ ಮೊದಲು ದಾರಿಯೇ ಆಗಿರುತ್ತದೆ: ಎಷ್ಟು ಹೊತ್ತಿನ ನಡಿಗೆ, ಮಳೆಗಾಲದಲ್ಲಿ ಹಳ್ಳ ದಾಟಲು ಎಲ್ಲಿ ಅನುಕೂಲ, ಇಂಬಳದ ಕಾಟ ಎಲ್ಲಿಂದ ಶುರು. ಈ ಓದು 'ವಿಮರ್ಶೆ' ಅಲ್ಲವೆನ್ನಬಹುದು. ಕಾದಂಬರಿಯ ವಾಸ್ತವಿಕತೆಯನ್ನು ಪರೀಕ್ಷಿಸಲು ಇದಕ್ಕಿಂತ ಕಠಿಣವಾದ ಒರೆಗಲ್ಲು ಇದೆಯೇ?

'ಸಂಸ್ಕಾರ'ದ (1965) ವಿಷಯದಲ್ಲೂ ಹೀಗೆಯೆ. ಆ ಕೃತಿ ಎಬ್ಬಿಸಿದ ವಿವಾದ, ಅಸ್ತಿತ್ವವಾದದ ಪ್ರಭಾವದ ಚರ್ಚೆ, 1970ರ ಚಲನಚಿತ್ರ ಇವೆಲ್ಲ ದಾಖಲೆಯಾಗಿವೆ. ಪ್ರಾಣೇಶಾಚಾರ್ಯರು ಮೇಳಿಗೆಯ ಜಾತ್ರೆಯಲ್ಲಿ ಅಲೆಯುವ ಭಾಗವನ್ನು ವಿಮರ್ಶಕರು ಆಚಾರ್ಯರ ಅಂತರಂಗದ ಕ್ಷೋಭೆಯ ರೂಪಕವಾಗಿ ಓದಿದರು. ಮೇಳಿಗೆ ತೀರ್ಥಹಳ್ಳಿ ತಾಲ್ಲೂಕಿನ ನಿಜವಾದ ಊರು, ಅನಂತಮೂರ್ತಿಯವರ ಹುಟ್ಟೂರು. ಜಾತ್ರೆಯ ಗದ್ದಲವನ್ನು, ಕೋಳಿಅಂಕದ ಕೇಕೆಯನ್ನು ಮೈಮೇಲೆ ಅನುಭವಿಸಿದ ಓದುಗನಿಗೆ ಆ ಪುಟಗಳಲ್ಲಿ ಕಾಣುವುದು ಮೊದಲು ಜನ, ಆಮೇಲೆ ರೂಪಕ. 1960ರ ದಶಕದಲ್ಲಿ ಆ ಕೃತಿಯನ್ನು ಓದಿದ ಶಿವಮೊಗ್ಗ ಸೀಮೆಯ ಮನೆಗಳಲ್ಲಿ ಅದನ್ನು ಕುರಿತು ಯಾವ ಮಾತು ನಡೆಯಿತು, ಅದನ್ನು ಯಾರು ಯಾರಿಂದ ಮುಚ್ಚಿಟ್ಟು ಓದಿದರು ಎಂಬುದು ವಿದ್ವಾಂಸರ ಲೇಖನಗಳ ಅಳವಿಗೆ ಬರುವಂಥದ್ದಲ್ಲ. ಕೃತಿಯ 'ಸ್ವೀಕೃತಿಯ ಚರಿತ್ರೆ' ಎಂದು ನಾವು ಸಂಶೋಧನಾ ಪ್ರಬಂಧಗಳಲ್ಲಿ ಬರೆಯುತ್ತಿರುವುದು ವಾಸ್ತವದಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳ ಪ್ರಾಧ್ಯಾಪಕರ ಸ್ವೀಕೃತಿಯ ಚರಿತ್ರೆ.

ಲೇಖಕಿಯರ ವಿಷಯದಲ್ಲಿ ಈ ಕೊರತೆ ಇನ್ನೂ ದೊಡ್ಡದು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ 'ತುಂಗಭದ್ರ' (1963) ಮೊದಲಾದ ಕಾದಂಬರಿಗಳು ಬಾಡಿಗೆ ಗ್ರಂಥಾಲಯಗಳ ಮೂಲಕ ಮನೆಮನೆಗೆ ಹೋದವು. ಇಂಥ ಕೃತಿಗಳನ್ನು 'ಜನಪ್ರಿಯ' ಎಂಬ ಪದದಲ್ಲಿ ಬಿಡುಬೀಸಾಗಿ ವಿಲೇವಾರಿ ಮಾಡಿದ ಶಿಷ್ಟ ವಿಮರ್ಶೆ 'ಫಣಿಯಮ್ಮ'ನ (1976) ನಂತರ, ಅದರಲ್ಲೂ ಪ್ರೇಮಾ ಕಾರಂತರ ಚಲನಚಿತ್ರದ ಬಳಿಕ, ಲೇಖಕಿಯನ್ನು ಹೆಚ್ಚು ಗಂಭೀರವಾಗಿ ಗಮನಿಸಿತು. ಬಾಲವಿಧವೆಯೊಬ್ಬಳ ಬಾಳನ್ನು ತಮ್ಮ ಅಜ್ಜಿಯಲ್ಲೋ ದೊಡ್ಡತ್ತೆಯಲ್ಲೋ ಕಂಡಿದ್ದ ಹೆಂಗಸರಿಗೆ ಆ ಕೃತಿಯ ಮೌಲ್ಯ ತಿಳಿಯಲು ಚಲನಚಿತ್ರ ಬೇಕಿರಲಿಲ್ಲ. ಅವರ ಓದು ಪತ್ರಗಳಲ್ಲಿ, ಅಂಗಳದ ಮಾತುಗಳಲ್ಲಿ ಮುಗಿದುಹೋಯಿತು.

ಸೃಜನೇತರ ಕೃತಿಗಳಲ್ಲಿ ಓದುಗ ಟಿಪ್ಪಣಿಯ ಅಧಿಕಾರ ಪ್ರಶ್ನಾತೀತವೆಂದು ಹೇಳಬಹುದು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' (1976) ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅದರ ವಿನೋದವನ್ನು, ಗದ್ಯವನ್ನು ಸಾಹಿತ್ಯ ವಿಮರ್ಶಕರು ಕೊಂಡಾಡಿದರು. ಅದರಲ್ಲಿ ಬರುವ ಗಿಡಮರಗಳನ್ನು ಗುರುತಿಸಿ, ತನ್ನೂರಿನಲ್ಲಿ ಅದಕ್ಕೆ ಇರುವ ಹೆಸರು ಇಂಥದೆಂದು ಹೇಳಬಲ್ಲವನು ಮಲೆನಾಡಿನ ಕೃಷಿಕ. ನಾ. ಡಿಸೋಜರ 'ಮುಳುಗಡೆ', 'ದ್ವೀಪ'ಗಳು ಕಾದಂಬರಿಗಳಾದರೂ ಈ ಮಾತು ಅವಕ್ಕೂ ಅನ್ವಯಿಸುತ್ತದೆ. ಶರಾವತಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟವರಿಗೆ ಅವು ಅರ್ಧ ಕಾದಂಬರಿ, ಇನ್ನರ್ಧ ದಾಖಲೆ. ಪರಿಹಾರದ ಪ್ರಸಂಗ ಸರಿಯಾಗಿದೆಯೋ ಇಲ್ಲವೋ ಎಂದು ಅವರಲ್ಲೊಬ್ಬರು ಬರೆದ ನಾಲ್ಕು ಸಾಲು, ಪರಿಸರವಾದಿ ವಿಮರ್ಶೆಯ ನಲವತ್ತು ಪುಟಕ್ಕೆ ಪೂರಕವಷ್ಟೇ ಅಲ್ಲ, ಕೆಲವೊಮ್ಮೆ ಅದರ ತಿದ್ದುಪಡಿ.

ಬಾನುಲಿಯ ಮಾತನ್ನು ಇಲ್ಲಿ ಬಿಡುವಂತಿಲ್ಲ. 1965ರಲ್ಲಿ ಆರಂಭವಾದ ಆಕಾಶವಾಣಿಯ ಭದ್ರಾವತಿ ಕೇಂದ್ರ ಮಲೆನಾಡಿನ ಓದಿಗೆ ಧ್ವನಿ ಕೊಟ್ಟ ಸಂಸ್ಥೆ. ಆಕಾಶವಾಣಿಯ ಪುಸ್ತಕ ಪರಿಚಯವೆಂಬುದು ಕಿರುವಿಮರ್ಶೆಯ ಅತ್ಯಂತ ಶಿಸ್ತಿನ ರೂಪ: ನಿಮಿಷಗಳ ಲೆಕ್ಕ, ಕೇಳುಗ ಹಿಂದಿನ ಪುಟಕ್ಕೆ ಮರಳಲಾರ, ಉದ್ಧರಣೆಗಳ ರಾಶಿಗೆ ಎಡೆಯಿಲ್ಲ. ಒಂದು ವಾಕ್ಯದಲ್ಲಿ ಎರಡು ಆಶ್ರಿತ ವಾಕ್ಯಗಳು ಸೇರಿದರೆ ಕೇಳುಗ ಕೈತಪ್ಪಿದ. ಈ ನಿರ್ಬಂಧ ಕನ್ನಡ ವಿಮರ್ಶೆಯ ಗದ್ಯಕ್ಕೆ ಮಾಡಬಹುದಾಗಿದ್ದ ಉಪಕಾರ ಬಹಳ. ಆದರೆ ಗಾಳಿಯಲ್ಲಿ ಹೋದ ಮಾತು ಗ್ರಂಥಸೂಚಿಗೆ ಬರುವುದಿಲ್ಲ.

ಇಲ್ಲಿ ಪ್ರಶ್ನೆ ಸಂಶೋಧಕರದಷ್ಟೇ ಅಲ್ಲ, ಗ್ರಂಥಾಲಯಗಳದೂ ಹೌದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಬಳಿಕ ರೂಪುಗೊಂಡ ವ್ಯವಸ್ಥೆಯಲ್ಲಿ ಸರ್ಕಾರದ ಸಗಟು ಖರೀದಿಯೇ ಕನ್ನಡ ಪ್ರಕಾಶನದ ಮುಖ್ಯ ಆಸರೆ. ಓದುಗನಿಗಾಗಿ ಅಲ್ಲದೆ ಖರೀದಿಗಾಗಿಯೇ ಅಚ್ಚಾದ ಪುಸ್ತಕಗಳು ಕಪಾಟು ಸೇರುತ್ತಿವೆಯೆಂಬ ದೂರು ಹಳೆಯದು. ಯಾವ ಪುಸ್ತಕ ಯಾರಿಗೆ ಉಪಯೋಗವಾಯಿತೆಂಬ ನೇರ ಸಾಕ್ಷ್ಯ ಓದುಗ ಟಿಪ್ಪಣಿಯಲ್ಲಿದೆ. ಆಯ್ಕೆಯ ವೇಳೆಗೆ ಅದನ್ನು ಮೇಜಿನ ಮೇಲೆ ಇಟ್ಟುಕೊಳ್ಳುವ ಪದ್ಧತಿ ಮಾತ್ರ ರೂಢಿಗೆ ಬಂದಿಲ್ಲ. ಪುಸ್ತಕದ ಕೊನೆಯಲ್ಲಿ ಅಂಟಿಸಿದ ದಿನಾಂಕದ ಚೀಟಿ ಎಷ್ಟು ಮಂದಿ ಒಯ್ದರೆಂದು ಹೇಳುತ್ತದೆ, ಎಷ್ಟು ಮಂದಿ ಓದಿ ಮುಗಿಸಿದರೆಂದು ಹೇಳುವುದಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ 'ಸುಳ್ಳು' ಎಂಬ ಒಂದು ಮಾತು ಕೆಲವೊಮ್ಮೆ ಹೆಚ್ಚು ಹೇಳುತ್ತದೆ. ಗ್ರಂಥಪಾಲಕರು ಕೋಪಿಸಿಕೊಳ್ಳಬಾರದು.

ಮಾಡಬೇಕಾದ ಕೆಲಸ ಸರಳವಾದದ್ದು, ಶ್ರಮದ್ದು. ಜಿಲ್ಲಾ ಪತ್ರಿಕೆಗಳ, ಸಾಪ್ತಾಹಿಕ ಪುರವಣಿಗಳ, ಕಾಲೇಜು ವಾರ್ಷಿಕ ಸಂಚಿಕೆಗಳ ಪುಸ್ತಕ ಪುಟಗಳಿಗೆ ಜಿಲ್ಲಾವಾರು ಸೂಚಿಯನ್ನು ಸಿದ್ಧಪಡಿಸುವುದು. ಟಿಪ್ಪಣಿಕಾರರ ವೃತ್ತಿ, ಊರು ತಿಳಿದುಬಂದಲ್ಲಿ ನಮೂದಿಸುವುದು. 'ಸಂಗ್ರಹಯೋಗ್ಯ' ಎಂದು ಮುಗಿಸಿದವನ್ನೂ ಬಿಡದೆ ಸೇರಿಸುವುದು, ಏಕೆಂದರೆ ದಾಕ್ಷಿಣ್ಯವೂ ಚರಿತ್ರೆಯೇ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಇದಕ್ಕಿಂತ ಒಳ್ಳೆಯ ವಿಷಯ ಹತ್ತಿರದಲ್ಲಿಲ್ಲ. ಅವಸರಕ್ಕೆ ಕಾರಣವೂ ಇದೆ. ಪತ್ರಿಕಾ ಕಾಗದದ ತಿರುಳಿನಲ್ಲಿ ಲಿಗ್ನಿನ್ ಉಳಿದಿರುವುದರಿಂದ ಅದು ಬೆಳಕಿಗೆ ಬೇಗ ಹಳದಿಯಾಗಿ ಮಡಿಕೆಯಲ್ಲಿ ಮುರಿಯುತ್ತದೆ. ಭದ್ರಾವತಿಯ ಕಾಗದದ ಯಂತ್ರಗಳು 2015ರ ವೇಳೆಗೆ ನಿಂತವು. ಅವು ಕೊಟ್ಟ ಕಾಗದದ ಮೇಲೆ 1980ರ, 1990ರ ದಶಕಗಳಲ್ಲಿ ಅಚ್ಚಾದ ಪುಟಗಳು ಮೊದಲು ಪ್ರತಿಯಾಗಬೇಕಾದವು.