ಜೇಡಿಮಣ್ಣಿನ ಕುಸಿತ: ಪ್ರಯೋಗ ಹೇಳುವುದೇನು, ಹೇಳದಿರುವುದೇನು?

ಕಳೆದ ವರ್ಷ ವಿಜಯನಗರದ ನಮ್ಮ ಮನೆಗೆ ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಪ್ರಯೋಗದ ರೆಕಾರ್ಡ್ ಪುಸ್ತಕ ಹಿಡಿದು ಬಂದಳು. ಭೌತಶಾಸ್ತ್ರದಲ್ಲಿ ಕಲಿತ ಉಷ್ಣವಹನದ ಸಮೀಕರಣ ಮಣ್ಣಿನ ಪಾಠದಲ್ಲೂ ಏಕೆ ಬಂತು ಎಂಬುದು ಅವಳ ಪ್ರಶ್ನೆ. ನನ್ನ ಕಣ್ಣು ಮಾತ್ರ ಅವಳ ನಕ್ಷೆಯ ಮೇಲೆ ನಿಂತಿತು. ಎಲ್ಲ ಬಿಂದುಗಳೂ ಕೂದಲೆಳೆಯಷ್ಟೂ ಆಚೀಚೆಯಾಗದೆ ರೇಖೆಯ ಮೇಲೆ ಕುಳಿತಿದ್ದವು. “ರಾತ್ರಿಯ ಅಳತೆ ತೆಗೆದವರು ಯಾರಮ್ಮಾ?” ಎಂದೆ. “ಐದು ಗಂಟೆಗೆ ಲ್ಯಾಬ್ ಮುಚ್ಚುತ್ತಾರೆ ಸಾರ್. ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ಬರೆದೆವು” ಎಂದಳು. ಆ ರೆಕಾರ್ಡಿಗೆ ಪೂರ್ಣ ಅಂಕ ಬಂದಿತ್ತು.

ಅವಳ ಪ್ರಶ್ನೆಯನ್ನೇ ಮೊದಲು ನೋಡೋಣ. ನೀರು ತುಂಬಿದ ಜೇಡಿಮಣ್ಣಿನ ಮೇಲೆ ಭಾರ ಹೇರಿದರೆ ಆರಂಭದಲ್ಲಿ ಅದನ್ನು ಹೊರುವುದು ಮಣ್ಣಿನ ಕಣಗಳಲ್ಲ, ರಂಧ್ರಗಳಲ್ಲಿರುವ ನೀರು. ನೀರು ನಿಧಾನವಾಗಿ ಹೊರಗೆ ಹೋದಂತೆ ಭಾರ ಕಣಗಳಿಗೆ ವರ್ಗವಾಗುತ್ತದೆ, ಮಣ್ಣು ಕುಗ್ಗುತ್ತದೆ. ಇದೇ ಸಾಂದ್ರೀಕರಣ, ಅಂದರೆ ಕನ್ಸಾಲಿಡೇಶನ್. ಬಿಸಿ ಸರಳಿನಿಂದ ಉಷ್ಣ ಹೊರಹೋಗುವಂತೆಯೇ ಇಲ್ಲಿ ನೀರಿನ ಹೆಚ್ಚುವರಿ ಒತ್ತಡ ಇಳಿಯುತ್ತದೆ. ಇದನ್ನು ಗುರುತಿಸಿ 1925ರಲ್ಲಿ ಮಣ್ಣಿನ ಯಂತ್ರಶಾಸ್ತ್ರಕ್ಕೆ ತಳಪಾಯ ಹಾಕಿದವರು ಕಾರ್ಲ್ ಟೆರ್ಜಾಗಿ.

ನಮ್ಮ ಪ್ರಯೋಗಾಲಯಗಳು ಅನುಸರಿಸುವುದು ಭಾರತೀಯ ಮಾನಕ ಐ.ಎಸ್. 2720ರ 15ನೆಯ ಭಾಗವನ್ನು. ಉಂಗುರದೊಳಗೆ ಸುಮಾರು 20 ಮಿ.ಮೀ. ದಪ್ಪದ ಮಣ್ಣಿನ ಬಿಲ್ಲೆ, ಮೇಲೆ ಕೆಳಗೆ ರಂಧ್ರಗಳುಳ್ಳ ಕಲ್ಲು. ಪ್ರತಿ ಹಂತದಲ್ಲೂ ಭಾರವನ್ನು ಸಾಮಾನ್ಯವಾಗಿ ಇಮ್ಮಡಿಗೊಳಿಸಿ 24 ಗಂಟೆ ಬಿಡಬೇಕು. ವಿಧಾನ ಅಚ್ಚುಕಟ್ಟಾಗಿದೆ. ನನ್ನ ತಕರಾರು ಅದನ್ನು ನಾವು ಕಲಿಸುವ ಬಗೆಯ ಮೇಲೆ.

ಒಂದು ಲೆಕ್ಕ ಮಾಡಿ ನೋಡಿ. ಬಿಲ್ಲೆಯ ನೀರು ಎರಡೂ ಕಡೆ ಹೋಗುವುದರಿಂದ ಅದರ ಗರಿಷ್ಠ ದಾರಿ 10 ಮಿ.ಮೀ. ಶೇ. 90ರಷ್ಟು ಸಾಂದ್ರೀಕರಣಕ್ಕೆ 20 ನಿಮಿಷ ಹಿಡಿಯಿತೆನ್ನಿ. ಅದೇ ಮಣ್ಣು ನೆಲದಲ್ಲಿ 10 ಮೀಟರ್ ದಪ್ಪವಿದ್ದು, ಮೇಲೂ ಕೆಳಗೂ ಮರಳಿದ್ದರೆ ದಾರಿ 5 ಮೀಟರ್, ಅಂದರೆ 500 ಪಟ್ಟು. ಕಾಲ ದಾರಿಯ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 2,50,000 ಪಟ್ಟು: ಸುಮಾರು ಒಂಬತ್ತೂವರೆ ವರ್ಷ. ಕೆಳಗೆ ಮರಳಿನ ಬದಲು ಗಟ್ಟಿ ಬಂಡೆಯಿದ್ದರೆ 38 ವರ್ಷ! ಬಿಲ್ಲೆ ಒಂದೇ, ಉತ್ತರ ಎರಡು. ವ್ಯತ್ಯಾಸ ತಂದ ಮರಳಿನ ಪದರ ಬಿಲ್ಲೆಯಲ್ಲಿ ಇರಲೇ ಇಲ್ಲ. ಈ ಮಾತನ್ನು ಎಷ್ಟು ರೆಕಾರ್ಡುಗಳಲ್ಲಿ ಬರೆಸುತ್ತೇವೆ?

ಎರಡನೆಯ ತಕರಾರು ರಾತ್ರಿಯ ಅಳತೆಗಳದು. ನೀರಿನ ಹೆಚ್ಚುವರಿ ಒತ್ತಡ ಇಳಿದ ಮೇಲೂ ಕಣಗಳು ಸರಿಹೊಂದುತ್ತಾ ಮಣ್ಣು ಕುಗ್ಗುತ್ತಲೇ ಇರುತ್ತದೆ. ಈ ದ್ವಿತೀಯ ಕುಗ್ಗುವಿಕೆ ಕಾಲದ ಲಘುಗಣಕದೊಂದಿಗೆ ಸಾಗುತ್ತದೆ. ದಾರಿಯ ವರ್ಗದ ನಿಯಮ ಇದಕ್ಕೆ ಅನ್ವಯಿಸದು. ಬಿಲ್ಲೆಯಲ್ಲಿ ಅದು ಎದ್ದು ಕಾಣುವುದು ಗಂಟೆಗಳು ಕಳೆದ ಮೇಲೆ, ಅಂದರೆ ಲ್ಯಾಬಿಗೆ ಬೀಗ ಬಿದ್ದ ನಂತರ. ದಪ್ಪ ಪದರದಲ್ಲಿ ಇದು ಮೊದಲಿನಿಂದಲೇ ನಡೆಯುತ್ತದೆಯೇ, ನೀರು ಹೋದ ಮೇಲಷ್ಟೇ ಮುಖ್ಯವಾಗುತ್ತದೆಯೇ ಎಂಬ ಬಗ್ಗೆ ತಜ್ಞರಲ್ಲಿ ದೀರ್ಘಕಾಲದ ವಾದವಿದೆ. ಆ ವಾದಕ್ಕೆ ಬೇಕಾದ ಸಾಕ್ಷ್ಯವನ್ನೇ ನಮ್ಮ ಮಕ್ಕಳು ನಕಲು ಮಾಡುತ್ತಿದ್ದಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಶ್ರೀಧರನ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ರೂಪಿಸಿದ ಆಯತೀಯ ಅತಿಪರವಲಯ ವಿಧಾನ ನೆನಪಾಗುತ್ತದೆ. ಸಾಂದ್ರೀಕರಣ ಶೇ. 60ರಿಂದ 90ರವರೆಗಿರುವಾಗ ಕಾಲವನ್ನು ಕುಗ್ಗುವಿಕೆಯಿಂದ ಭಾಗಿಸಿ ಕಾಲದೆದುರು ಗುರುತಿಸಿದರೆ ಸರಳರೇಖೆ ದೊರೆಯುತ್ತದೆ. ಬೇಗ ಕುಗ್ಗುವ ಮಣ್ಣಿನಲ್ಲಿ ಸಾಂದ್ರೀಕರಣ ಗುಣಾಂಕಕ್ಕೆ ಹಗಲಿನ ಅಳತೆಗಳೇ ಸಾಕು. ಹಾಗಿದ್ದಮೇಲೆ ಸುಳ್ಳು ಬರೆಸುವುದೇಕೆ? ದ್ವಿತೀಯ ಕುಗ್ಗುವಿಕೆ ಬೇಕಿದ್ದರೆ ಮಾತ್ರ ರಾತ್ರಿ ಕಾಯಲೇಬೇಕು.

ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣ 1994ರಲ್ಲಿ ಆರಂಭವಾಯಿತು. ಸಮುದ್ರತಳದ ಮೇಲ್ಪದರದ ಜೇಡಿಯಲ್ಲಿ ಮರಳಿನ ಕಂಬಗಳನ್ನಿಳಿಸಿ ನೀರಿಗೆ ಹತ್ತಿರದ ದಾರಿ ಮಾಡಿಕೊಟ್ಟರು. ಅದರಡಿಯ ಆಳವಾದ ಜೇಡಿಗೆ ಆ ಕಂಬಗಳು ಮುಟ್ಟಲಿಲ್ಲ. ಕುಸಿತ ಮೊದಲ ಅಂದಾಜನ್ನು ಮೀರಿತು. ನಿರ್ಮಾಣ ಆರಂಭವಾದಂದಿನಿಂದ ಮೊದಲ ದ್ವೀಪ ಸರಾಸರಿ 13 ಮೀಟರಿಗೂ ಹೆಚ್ಚು ಇಳಿದಿದೆ. ಅಲ್ಲಿ ಮಣ್ಣಿನ ಪರೀಕ್ಷೆಗೇನೂ ಕೊರತೆ ಇರಲಿಲ್ಲ.

ರಾಜಾಜಿನಗರ, ಬಸವೇಶ್ವರನಗರಗಳ ನೆಲದಲ್ಲಿ ಅಂಥ ಆಳದ ಜೇಡಿ ಇಲ್ಲ. ಇಲ್ಲಿಯದು ನೈಸ್ ಶಿಲೆ ಶಿಥಿಲವಾಗಿ ಆದ ಕೆಂಪುಮಣ್ಣು. ಅದರ ರಂಧ್ರಗಳಲ್ಲಿ ಗಾಳಿಯೂ ಇರುವುದರಿಂದ ನೀರು ಪೂರ್ಣ ತುಂಬಿದೆ ಎಂಬ ಟೆರ್ಜಾಗಿಯವರ ಗ್ರಹಿಕೆ ಅಲ್ಲಿ ನೇರವಾಗಿ ಹೊಂದದು. ಆದರೆ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದ ಊರಿದು. ಕೆರೆಯಂಗಳದ ಹೂಳಿಗೆ ಕೆಂಪುಮಣ್ಣಿನ ಅಂಕಿ ಹಾಕಿದರೆ ಗೋಡೆ ಸುಮ್ಮನಿರದು.

ಅಧ್ಯಾಪಕ ಮಿತ್ರರೇ, ಮುಂದಿನ ಬಾರಿ ಸಾಧ್ಯವಾದಷ್ಟು ಅಳತೆಗಳನ್ನಷ್ಟೇ ತೆಗೆಸಿ. ಉಳಿದೆಡೆ “ಅಳತೆ ತೆಗೆದಿಲ್ಲ” ಎಂದೇ ಬರೆಸಿ. ಹಾಗೆ ಬರೆದವರಿಗೆ ಅಂಕ ಕಡಿಯಬೇಡಿ. ವಿದ್ಯಾರ್ಥಿಗಳೇ, ರೇಖೆಯಿಂದ ಜಾರಿದ ಬಿಂದುವನ್ನು ಅಳಿಸುವ ಮೊದಲು ಅದು ಏಕೆ ಜಾರಿತೆಂದು ಕೇಳಿ. ನಾಳೆ ನೀವು ಸಹಿ ಹಾಕುವ ವರದಿಯ ಮೇಲೆ ಯಾರದೋ ಮನೆ ನಿಲ್ಲಲಿದೆ.