ಲೆಕ್ಕಕ್ಕೆ ಸಿಗದ ಫೋನು

ಆಂಡ್ರಾಯ್ಡ್ ಮುಂದಾ, ಐಫೋನ್ ಮುಂದಾ ಅನ್ನೋ ಚರ್ಚೆ ನಮ್ಮ ಆಫೀಸಿನ ಟೀ ಹೊತ್ತಿನಲ್ಲಿ ಆರ್‌ಸಿಬಿ ಮ್ಯಾಚಿನಷ್ಟೇ ಜೋರು. ಆಗಾಗ ಯಾವುದೋ ಸಂಸ್ಥೆಯ ವರದಿ ಬರುತ್ತೆ. ಭಾರತದಲ್ಲಿ ಆಂಡ್ರಾಯ್ಡ್ ಪಾಲು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಂತ ಪತ್ರಿಕೆಗಳೂ ಬರೀತವೆ. ಈ ಲೆಕ್ಕದ ಮೇಲೆ ನಂದೊಂದು ತಕರಾರಿದೆ. 'ಸ್ಮಾರ್ಟ್‌ಫೋನ್' ಅಂತ ಮೊದಲೇ ಗೆರೆ ಎಳೆದು, ಒಳಗಿರೋರನ್ನಷ್ಟೇ ಎಣಿಸಿ, ಆಮೇಲೆ ಇಡೀ ದೇಶದ ಬಗ್ಗೆ ಮಾತಾಡ್ತೀವಿ.

2017ರಲ್ಲಿ ಜಿಯೋ 1500 ರೂಪಾಯಿ ಠೇವಣಿಗೆ ಕೀಪ್ಯಾಡ್ ಫೋನು ಕೊಟ್ಟಿತು. ಅದರೊಳಗಿದ್ದದ್ದು ಕಾಯ್‌ಓಎಸ್. ಮೊಜಿಲ್ಲಾ ಕಟ್ಟಿ, 2015ರ ಕೊನೆಗೆ ಫೋನುಗಳಿಂದ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್ ಕೋಡಿನಿಂದ ಹುಟ್ಟಿದ್ದು ಅದು. 2018ರಲ್ಲಿ ಕಾಯ್‌ಓಎಸ್ ಭಾರತದಲ್ಲಿ ಐಓಎಸ್ ಅನ್ನು ದಾಟಿ ಎರಡನೇ ಸ್ಥಾನಕ್ಕೆ ಬಂತು ಅಂತ ವರದಿಯಾಯ್ತು. ಆದರೂ ನಮ್ಮ ಆಫೀಸಿನಲ್ಲಿ "ಅದಕ್ಕೂ ಒಂದು ಆಪ್ ಮಾಡೋಣ" ಅಂತ ಒಬ್ಬರೂ ಅನ್ನಲಿಲ್ಲ, ನಾನೂ ಸೇರಿ. ಮಾಡೋಕಾಗಲ್ಲ ಅಂತೇನಿರಲಿಲ್ಲ, ಅದೇ ವರ್ಷ ವಾಟ್ಸಾಪ್ ಆ ಫೋನಿಗೂ ಬಂದಿತ್ತು. ಹಿಂದೆ ಬಿದ್ದ ಐಫೋನಿಗೆ ಮಾತ್ರ ಬೇರೆ ಟೀಮೇ ಇತ್ತು. ಪಾಲು ನೋಡಿ ಕೆಲಸ ಮಾಡ್ತೀವಿ ಅನ್ನೋದು ಬರೀ ಮಾತು, ನಾವು ನೋಡೋದು ಗಿರಾಕಿಯ ಜೇಬು.

ವಿಂಡೋಸ್ ಫೋನೂ ಇಂಥದೇ ಸುಳಿಗೆ ಸಿಕ್ಕಿ ಮುಳುಗಿತು. ಆಪ್ ಇಲ್ಲ ಅಂತ ಜನ ಬರಲಿಲ್ಲ, ಜನ ಇಲ್ಲ ಅಂತ ಆಪ್ ಬರಲಿಲ್ಲ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಚಾರಕ್ಕೆ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕಿತು. ಹಾಕಲಿ, ಬೇಕಾದದ್ದೇ. ಆದರೆ ಆಪ್ ಬರೆಯೋ ನಮ್ಮಂಥವರ ಅಭ್ಯಾಸ ದಂಡದಿಂದ ಬದಲಾಗಲ್ಲ.

ಸರ್ಕಾರದ ಕತೆಯೂ ಇದೇ. 2020ರ ಮುಂಗಾರಿನಲ್ಲಿ ರಾಜ್ಯದ ರೈತರೇ ತಮ್ಮ ಬೆಳೆ ಸಮೀಕ್ಷೆ ಮಾಡಿಕೊಳ್ಳಲಿ ಅಂತ ಆಪ್ ಬಂತು. ಯೋಚನೆ ಚೆನ್ನಾಗಿದೆ: ನಮ್ಮ ಹೊಲ, ನಮ್ಮ ಫೋಟೋ. ಆದರೆ ಪ್ಲೇ ಸ್ಟೋರಿನ ಆಪ್ ಕೀಪ್ಯಾಡ್ ಫೋನಿನಲ್ಲಿ ಓಡಲ್ಲ. ಅಂಥ ಫೋನಿನ ರೈತ ತನ್ನ ಕಡ್ಲೆಕಾಯಿ ಹೊಲ ತೋರಿಸೋಕೂ ಇನ್ನೊಬ್ಬರ ಕೈ ಕಾಯಬೇಕು.

ಬೇರೆಯವರನ್ನೇ ಅಂದು ಏನು ಬಂತು. ಹೋದ ದೀಪಾವಳಿಗೆ ಬಲಸಮುದ್ರಕ್ಕೆ ಹೋದಾಗ ನನ್ನ ಹಳೇ ಆಂಡ್ರಾಯ್ಡ್ ಫೋನು ಅಪ್ಪನಿಗೆ ಕೊಟ್ಟೆ. ನಾನೇ ಕೆಲಸ ಮಾಡಿದ ಆಪ್ ಹಾಕಿ ತೋರಿಸೋಣ ಅಂದರೆ, ಈ ಫೋನಿಗೆ ಹೊಂದಲ್ಲ ಅಂತ ಬಂತು.

"ಯಾಕ್ಲಾ, ಬರಾಕಿಲ್ವಾ?"

"ಫೋನ್ ಹಳೇದಾಯ್ತು ಕಣಪ್ಪ."

"ನೀನೇ ಮಾಡಿದ್ದು ಅಂದ್ಯಲ್ಲಾ?"

ಹೌದು, ನಾನೇ ಮಾಡಿದ್ದು. ಹಳೇ ಆವೃತ್ತಿಗಳಲ್ಲಿ ಜನ ಕಮ್ಮಿ, ಕೈಬಿಡೋಣ ಅಂತ ಆ ಒಂದು ಸಾಲು ಬದಲಾಯಿಸಿದ್ದೂ ನಾನೇ. ಅವತ್ತು ಅದು ನನಗೆ ಬರೀ ಪಾಲಿನ ಲೆಕ್ಕ ಆಗಿತ್ತು.

ಎಲ್ಲ ಫೋನಿಗೂ ಎಲ್ಲ ಆಪ್ ಮಾಡಿ ಅಂತ ನಾನು ಹೇಳ್ತಿಲ್ಲ, ಅದರ ಖರ್ಚು ನನಗೂ ಗೊತ್ತು. ಸರ್ಕಾರಿ ಕೆಲಸಕ್ಕಾದರೂ ಕೀಪ್ಯಾಡ್ ಫೋನಿನ ಬ್ರೌಸರಿನಲ್ಲಿ ತೆರೆಯೋ ಒಂದು ಸಾದಾ ಕನ್ನಡ ಪುಟ ಇರಲಿ. ಯಾರು ಗೆದ್ದರು ಅಂತ ಬರೆಯೋರು, ಯಾರು ಹೊರಗುಳಿದರು ಅಂತಾನೂ ಒಂದು ಸಾಲು ಬರೀಲಿ.

ಬೆಂಗಳೂರಿಗೆ ವಾಪಸ್ ಬಂದವನು ಆ ಸಾಲನ್ನು ಮೊದಲಿನಂತೆ ಮಾಡೋಣ ಅಂತ ಕೇಳಿದ್ದೀನಿ. ಇನ್ನೂ ಒಪ್ಪಿಗೆ ಸಿಕ್ಕಿಲ್ಲ.